ಚಿತ್ರದ ಮೂಲೆಯ ಸಹಿ

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಣ್ಣ ವಿಷಯ ಬಂದಿತ್ತು. ವಾಚನಾಲಯದ ಕಪಾಟುಗಳಲ್ಲಿ ಜಾಗವಿಲ್ಲ, ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಹಾಕಿ ಹೊಸ ಪುಸ್ತಕಗಳಿಗೆ ಎಡೆ ಮಾಡಿಕೊಡಬೇಕು ಎಂಬುದು ಸೂಚನೆ. ವಿಲೇವಾರಿಯ ಪಟ್ಟಿಯಲ್ಲಿ ‘ಚಂದಮಾಮ, ಬಿಡಿ ಸಂಚಿಕೆಗಳು, ಎರಡು ಕಟ್ಟು’ ಎಂಬ ನಮೂದೂ ಇತ್ತು. ಪರಿಶೀಲನೆಗೆಂದು ಒಂದು ಕಟ್ಟನ್ನು ಬಿಚ್ಚಿದೆವು. ತೆರೆದುಕೊಂಡ ಪುಟದಲ್ಲಿ ಸ್ಮಶಾನದ ಕತ್ತಲು, ಕಾಲಬಳಿ ತಲೆಬುರುಡೆ, ಹಿರಿದ ಖಡ್ಗ ಹಿಡಿದು ಹೆಗಲ ಮೇಲೆ ಶವ ಹೊತ್ತು ನಡೆಯುತ್ತಿರುವ ರಾಜ. ಎಪ್ಪತ್ತು ದಾಟಿದ ಹಿರಿಯರೂ ನಲವತ್ತರ ತಾಯಂದಿರೂ ಕುರ್ಚಿಗಳನ್ನು ಬಿಟ್ಟೆದ್ದು ಬಂದು ಮೇಜಿನ ಸುತ್ತ ನೆರೆದರು. ಕಾರ್ಯಸೂಚಿಯ ಉಳಿದ ವಿಷಯಗಳು ಅರ್ಧ ಗಂಟೆ ಕಾಯಬೇಕಾಯಿತು.

ಆಗ ಒಂದು ಪ್ರಶ್ನೆ ಎದ್ದಿತು. ಈ ಚಿತ್ರವನ್ನು ಬರೆದವರು ಯಾರು? ನಾಗಿರೆಡ್ಡಿ ಎಂದರು ಒಬ್ಬರು. ಅವರು ಪತ್ರಿಕೆಯ ಒಡೆಯರು. ಚಕ್ರಪಾಣಿ ಎಂದರು ಇನ್ನೊಬ್ಬರು. ಅವರು ಸಂಪಾದಕರು. ಮುಂದೆ ಯಾರೂ ಮಾತನಾಡಲಿಲ್ಲ. ಐವತ್ತು ವರ್ಷಗಳಿಂದ ಕಣ್ಣಲ್ಲಿ ಅಚ್ಚೊತ್ತಿ ನಿಂತ ಚಿತ್ರ, ಅದನ್ನು ಬರೆದ ಕೈಯ ಹೆಸರು ಮಾತ್ರ ಸಭೆಯಲ್ಲಿದ್ದ ಹದಿನಾಲ್ಕು ಜನರಲ್ಲಿ ಒಬ್ಬರಿಗೂ ನೆನಪಿಗೆ ಬಾರದು. ಈ ಸಾಲುಗಳನ್ನು ಬರೆಯುತ್ತಿರುವವನೂ ಆ ಹದಿನಾಲ್ವರಲ್ಲಿ ಒಬ್ಬ. ದೀಪದ ಹತ್ತಿರ ಹಿಡಿದು ನೋಡಿದಾಗ ಚಿತ್ರದ ಮೂಲೆಯಲ್ಲಿ ಪುಟ್ಟದೊಂದು ಸಹಿ ಕಂಡಿತು: ಶಂಕರ್. ಈ ಸಂಚಿಕೆಯ ಸಂಪಾದಕೀಯ ಆ ಸಹಿಯನ್ನು ಕುರಿತದ್ದು.

ಕೆ. ಸಿ. ಶಿವಶಂಕರನ್ ಅವರು ಹುಟ್ಟಿದ್ದು 1924ರಲ್ಲಿ, ತಮಿಳುನಾಡಿನ ಧಾರಾಪುರಂ ಸಮೀಪದ ಒಂದು ಹಳ್ಳಿಯಲ್ಲಿ. ಬಾಲ್ಯದಲ್ಲಿಯೇ ಕುಟುಂಬ ಮದರಾಸಿಗೆ ಬಂದು ನೆಲೆಸಿತು. ಶಾಲೆಯ ಚಿತ್ರಕಲಾ ಉಪಾಧ್ಯಾಯರ ಪ್ರೋತ್ಸಾಹದಿಂದ ಹುಡುಗ ಮದರಾಸಿನ ಸರ್ಕಾರಿ ಕಲಾಶಾಲೆಯನ್ನು ಸೇರಿದ. ಅಲ್ಲಿ ಆಗ ಪ್ರಾಂಶುಪಾಲರಾಗಿದ್ದವರು ದೇವಿಪ್ರಸಾದ್ ರಾಯ್ ಚೌಧರಿ. ಮರೀನಾ ಕಡಲತೀರದಲ್ಲಿ ಬಂಡೆಯನ್ನು ಮೀಟಿ ಜರುಗಿಸುತ್ತಿರುವ ನಾಲ್ವರು ಕೂಲಿಗಳ ಶಿಲ್ಪವನ್ನು ಈ ಊರಿನ ಕನ್ನಡಿಗರೆಲ್ಲರೂ ಕಂಡಿದ್ದೇವೆ. ಅದು ಈ ಗುರುವಿನ ಕೃತಿ. ದುಡಿಮೆಯ ಘನತೆಯನ್ನು ಕಂಚಿನಲ್ಲಿ ಎರಕ ಹೊಯ್ದ ಗುರುವಿಗೆ ತಕ್ಕ ಶಿಷ್ಯ ಇವರು. ವಿದ್ಯಾಭ್ಯಾಸ ಮುಗಿಸಿ ‘ಕಲೈಮಗಳ್’ ಎಂಬ ತಮಿಳು ಪತ್ರಿಕೆಯಲ್ಲಿ ಕೆಲವು ವರ್ಷ ದುಡಿದ ಮೇಲೆ, 1952ರಲ್ಲಿ, ತಮ್ಮ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಚಂದಮಾಮವನ್ನು ಸೇರಿದರು. ಪತ್ರಿಕೆ ನಿಲ್ಲುವ ತನಕ, ಅಂದರೆ ಸುಮಾರು 2012ರವರೆಗೆ, ಅಲ್ಲಿಯೇ ಚಿತ್ರ ಬರೆದರು. ಸರ್ಕಾರಿ ನೌಕರರಾದ ನಮಗೆ ಅರವತ್ತನೆಯ ವಯಸ್ಸಿಗೆ ನಿವೃತ್ತಿ. ಅವರದು ಅರವತ್ತು ವರ್ಷಗಳ ಸೇವೆ.

ಚಂದಮಾಮ ನಡೆಯುತ್ತಿದ್ದ ರೀತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. 1947ರ ಜುಲೈ ತಿಂಗಳಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಹಿಂದಿಗೂ ಬಂದಿತು. ಆ ಬಳಿಕ ಮರಾಠಿ, ಮಲಯಾಳಂ, ಗುಜರಾತಿ, ಇಂಗ್ಲಿಷ್, ಒಡಿಯಾ, ಬಂಗಾಳಿ ಮುಂತಾದ ಭಾಷೆಗಳಿಗೆ ಹರಡಿ 1984ರಲ್ಲಿ ಸಂಸ್ಕೃತದಲ್ಲಿಯೂ ಹೊರಬಂದಿತು. ಇಷ್ಟು ಭಾಷೆಗಳ ಮಕ್ಕಳ ಪತ್ರಿಕೆ ಸಿದ್ಧವಾಗುತ್ತಿದ್ದುದು ಇದೇ ಊರಿನ ವಡಪಳನಿಯಲ್ಲಿ. ಕಥೆ ಹೆಚ್ಚಾಗಿ ಮೊದಲು ತೆಲುಗಿನಲ್ಲಿ ರೂಪುಗೊಂಡು ಉಳಿದ ಭಾಷೆಗಳಿಗೆ ಅನುವಾದವಾಗುತ್ತಿತ್ತು. ಅಕ್ಷರ ಬದಲಾದರೂ ಚಿತ್ರ ಬದಲಾಗುತ್ತಿರಲಿಲ್ಲ. ಕೊಲ್ಹಾಪುರದ ಮಗು ನೋಡಿದ ರಾಜಕುಮಾರಿಯೇ ಕೋಲಾರದ ಮಗುವಿಗೂ ರಾಜಕುಮಾರಿ.

ಇದರ ಹಿಂದೆ ಒಂದು ಲೆಕ್ಕಾಚಾರವಿದ್ದಿತು. ಪುಟಪುಟಕ್ಕೂ ಚಿತ್ರವಿರುವ, ಬಣ್ಣದಲ್ಲಿ ಅಚ್ಚಾಗುವ ಮಾಸಪತ್ರಿಕೆಯನ್ನು ಕನ್ನಡದ ಪ್ರಸಾರಸಂಖ್ಯೆಯೊಂದನ್ನೇ ನೆಚ್ಚಿ ಆ ಕಾಲದ ಪ್ರಕಾಶಕರು ಆ ಬೆಲೆಗೆ ಕೊಡುವುದು ಸಾಧ್ಯವಿರಲಿಲ್ಲವೆಂದು ತೋರುತ್ತದೆ. ಚಿತ್ರಕಾರನ ಒಂದು ದಿನದ ದುಡಿಮೆ ಎಲ್ಲ ಭಾಷೆಗಳಿಗೂ ಹಂಚಿಹೋಗುತ್ತಿದ್ದುದರಿಂದಲೇ ಬಡ ಮೇಷ್ಟರ ಮನೆಗೂ ಚಂದಮಾಮ ಬರುತ್ತಿತ್ತು. ಆದರೆ ಈ ವ್ಯವಸ್ಥೆ ಚಿತ್ರಕಾರನ ಮೇಲೆ ಹೊರಿಸಿದ ಹೊಣೆ ಸಾಮಾನ್ಯದ್ದಲ್ಲ. ಅವನು ಬರೆದ ರೈತ ಯಾವ ಪ್ರಾಂತದ ಓದುಗನಿಗೂ ಪರಕೀಯನಾಗಿ ತೋರಬಾರದು. ಅವನ ರಾಜ ಚೋಳನಂತೆ ಕಂಡರೆ ಮರಾಠಿ ಮಗುವಿಗೆ ಒಪ್ಪದು, ಪೇಶ್ವೆಯಂತೆ ಕಂಡರೆ ಕನ್ನಡದ ಮಗುವಿಗೆ ಒಪ್ಪದು. ಮುಂಡಾಸು, ಕಿರೀಟ, ಸೀರೆಯ ಉಡುಗೆ, ಮನೆಯ ಜಗಲಿ, ಬಾವಿಕಟ್ಟೆ, ಎತ್ತಿನಗಾಡಿ ಇವೆಲ್ಲವೂ ಎಲ್ಲಿಯದೋ ಒಂದು ಊರಿನವಾಗಿರಬೇಕು, ಎಲ್ಲರ ಊರಿನವೂ ಆಗಿರಬೇಕು. ಶಂಕರ್ ಅವರ ಚಿತ್ರಗಳ ಕಂಬಗಳಲ್ಲಿ ದಕ್ಷಿಣದ ದೇವಾಲಯಗಳ ಜಾಡು ಸ್ಪಷ್ಟವಾಗಿದೆ. ಆದರೂ ಅವುಗಳ ನೆರಳಿನಲ್ಲಿ ನಿಂತ ಜನ ಯಾವ ಒಂದು ಭಾಷೆಗೂ ಕಟ್ಟುಬಿದ್ದವರಲ್ಲ.

ಚಂದಮಾಮದ ಆ ಪೀಳಿಗೆಯಲ್ಲಿ ಎರಡು ಕೈಗಳು ಮುಖ್ಯ. ‘ಚಿತ್ರಾ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಟಿ. ವಿ. ರಾಘವನ್ ಸ್ವಯಂಶಿಕ್ಷಿತರು. 1978ರಲ್ಲಿ ತೀರಿಕೊಳ್ಳುವವರೆಗೂ ಪತ್ರಿಕೆಗೆ ಕಣ್ಣಾಗಿದ್ದವರು. ಶಂಕರ್ ಕಲಾಶಾಲೆಯಲ್ಲಿ ಪಳಗಿದವರು. ದೇಹದ ಮೂಳೆ, ಮಾಂಸಖಂಡ, ಬಟ್ಟೆಯ ಮಡಿಕೆ ಇವುಗಳ ಮೇಲೆ ಅವರಿಗಿದ್ದ ಹಿಡಿತ ರೇಖೆರೇಖೆಯಲ್ಲಿಯೂ ಕಾಣುತ್ತದೆ. 1960ರ ದಶಕದಿಂದ ಅವರ ಪಾಲಿಗೆ ಬಂದ ಬೇತಾಳ ಕಥೆಗಳು ಅವರನ್ನು ಮನೆಮನೆಗೆ ಮುಟ್ಟಿಸಿದವು. ಸಂಸ್ಕೃತದ ಬೇತಾಳ ಕಥೆಗಳು ಇಪ್ಪತ್ತೈದು ಮಾತ್ರ. ಹನ್ನೊಂದನೆಯ ಶತಮಾನದ ಸೋಮದೇವ ತನ್ನ ಕಥಾಸರಿತ್ಸಾಗರದಲ್ಲಿ ಅವನ್ನು ಸೇರಿಸಿಕೊಂಡಿದ್ದಾನೆ. ಚಂದಮಾಮದವರು ಆ ಇಪ್ಪತ್ತೈದಕ್ಕೆ ನಿಲ್ಲದೆ ಅದೇ ಚೌಕಟ್ಟಿನಲ್ಲಿ ನೂರಾರು ಹೊಸ ಕಥೆಗಳನ್ನು ಹೆಣೆದರು. ತಿಂಗಳು ತಿಂಗಳೂ ಬೇತಾಳ ಪ್ರಶ್ನೆ ಕೇಳಬೇಕು, ರಾಜ ಉತ್ತರಿಸಿ ಮೌನ ಮುರಿಯಬೇಕು, ಶವ ಮತ್ತೆ ಮರಕ್ಕೆ ಹಾರಬೇಕು. ‘ಛಲ ಬಿಡದ ತ್ರಿವಿಕ್ರಮ’ ಎಂಬ ಮಾತು ನಮ್ಮ ಆಡುನುಡಿಯಲ್ಲಿ ಇಷ್ಟು ಸಲೀಸಾಗಿ ಬರುತ್ತಿರುವುದರಲ್ಲಿ ಈ ಮಾಲೆಯ ಪಾಲು ದೊಡ್ಡದು. ಆ ಮಾತನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವ ಮೂರ್ತಿ ಶಂಕರ್ ಬರೆದದ್ದು. ಅವನು ಹೊರಟ ಜಾಗವೂ ಕಾಣದು, ಸೇರುವ ಜಾಗವೂ ಕಾಣದು. ಹೆಜ್ಜೆ ಎತ್ತಿದ್ದಾನೆ, ಅಷ್ಟೆ. ಮುಂದೇನಾಯಿತು ಎಂದು ತಿಳಿಯಬೇಕಾದರೆ ಮಗು ಅಕ್ಷರಕ್ಕೆ ಇಳಿಯಲೇಬೇಕು.

ಹೊರನಾಡಿನಲ್ಲಿರುವ ನಮಗೆ ಈ ವಿಷಯ ನೇರವಾಗಿ ತಟ್ಟುತ್ತದೆ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕನ್ನಡವಿಲ್ಲ, ಬೀದಿಯಲ್ಲಿ ಕನ್ನಡವಿಲ್ಲ. ಮನೆಯಲ್ಲಿ ಕಿವಿಗೆ ಬೀಳುವ ಕನ್ನಡಕ್ಕೂ ಕಾಗದದ ಮೇಲಿನ ಕನ್ನಡಕ್ಕೂ ನಡುವೆ ಒಂದು ಹೊಳೆಯೇ ಇದೆ. ಈ ಲೇಖಕನ ಸ್ವಂತ ಅನುಭವವೊಂದನ್ನು ಹೇಳಬಹುದಾದರೆ, ವರ್ಗಾವಣೆಯ ನೌಕರಿಯಲ್ಲಿ ಉತ್ತರದ ಒಂದು ನಗರದಲ್ಲಿದ್ದಾಗ ಮಗಳಿಗೆ ಆರು ವರ್ಷ. ನಾಲ್ಕು ಗೋಡೆಯ ಹೊರಗೆ ಅವಳದು ಹಿಂದಿ. ಅಂಚೆಯಲ್ಲಿ ಬರುತ್ತಿದ್ದ ಕನ್ನಡ ಚಂದಮಾಮವನ್ನು ಅವಳು ಮೊದಲು ಚಿತ್ರಗಳಿಗಾಗಿಯೇ ಬಿಡಿಸುತ್ತಿದ್ದಳು. ‘ಅಪ್ಪ, ಇವನು ಏನು ಕೇಳ್ತಿದಾನೆ?’ ಎಂದು ಬೇತಾಳನ ಮೇಲೆ ಬೆರಳಿಟ್ಟು ಕೇಳುವಳು. ಕೆಲವು ತಿಂಗಳು ಓದಿ ಹೇಳಿದ್ದಾಯಿತು. ಒಂದು ಸಂಜೆ ಕಚೇರಿಯಿಂದ ಬರುವುದು ತಡವಾಯಿತು. ಮನೆಗೆ ಬಂದಾಗ ಮಗು ಅಜ್ಜಿಯ ಪಕ್ಕದಲ್ಲಿ ಕುಳಿತು ‘ರಾ... ಜಾ’ ಎಂದು ಕೂಡಿಸುತ್ತಿದ್ದಳು. ಅಲ್ಲಿಯವರೆಗೆ ತಂದುಕೊಟ್ಟಿದ್ದ ಮೂರು ಅಕ್ಷರಮಾಲೆಯ ಪುಸ್ತಕಗಳಿಂದ ಆಗದ ಕೆಲಸವನ್ನು ಒಂದು ಚಿತ್ರದ ಕುತೂಹಲ ಮಾಡಿತ್ತು. ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಪುಣೆ, ಹೈದರಾಬಾದು, ದೆಹಲಿಗಳಲ್ಲಿರುವ ನಮ್ಮ ಓದುಗರಲ್ಲಿ ಅನೇಕರು ಇದನ್ನು ಓದುವಾಗ ತಮ್ಮ ಮನೆಯ ಹಜಾರವನ್ನು ನೆನೆದುಕೊಳ್ಳುವರೆಂಬುದರಲ್ಲಿ ಸಂದೇಹವಿಲ್ಲ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಹಿಂದೆಯೇ ಎರಡೂ ರಾಜ್ಯಗಳಲ್ಲಿ ನಡೆದುದನ್ನು, 2016ರ ಸೆಪ್ಟೆಂಬರಿನಲ್ಲಿ ಮತ್ತೆ ನಡೆದುದನ್ನು ಈ ಊರಿನಲ್ಲಿರುವ ಕನ್ನಡಿಗರು ಮರೆತಿಲ್ಲ. ಬೆಂಗಳೂರಿನಲ್ಲಿರುವ ತಮಿಳರೂ ಮರೆತಿಲ್ಲ. ಅಂಗಡಿಯ ಫಲಕದ ಮೇಲೆ ಯಾವ ಅಕ್ಷರವಿದೆ, ಬಸ್ಸಿನ ನೋಂದಣಿ ಸಂಖ್ಯೆ ಯಾವ ರಾಜ್ಯದ್ದು ಎಂಬುದರ ಮೇಲೆ ಮನುಷ್ಯನ ಕ್ಷೇಮ ನಿಂತಿದ್ದ ದಿನಗಳವು. ಅಂಥ ಡಿಸೆಂಬರಿನಲ್ಲಿಯೂ ವಡಪಳನಿಯ ಮೇಜಿನ ಮುಂದೆ ಕುಳಿತ ತಮಿಳು ಚಿತ್ರಕಾರನೊಬ್ಬ ಕನ್ನಡದ ಮಕ್ಕಳಿಗೆ ಚಿತ್ರ ಬರೆಯುತ್ತಿದ್ದ. ತೆಲುಗು ಒಡೆಯರ ಮುದ್ರಣಾಲಯ ಅದನ್ನು ಅಚ್ಚು ಹಾಕುತ್ತಿತ್ತು. ನದಿಯ ನೀರಿನ ಹಂಚಿಕೆ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾದ ವಿಷಯ. ಅದನ್ನು ಒಂದು ಚಿತ್ರ ಬಗೆಹರಿಸೀತು ಎಂದು ನಾವು ಹೇಳುತ್ತಿಲ್ಲ. ನಮ್ಮ ಭಾಷೆಯ ಬಾಲ್ಯವನ್ನು ಕಟ್ಟಿದ ಕೈಗಳಲ್ಲಿ ನೆರೆಯವರ ಕೈಗಳೂ ಇವೆ ಎಂಬ ಲೆಕ್ಕ ಸ್ವಾಭಿಮಾನದ ಭಾಷಣಗಳಲ್ಲಿ ಬಿಟ್ಟುಹೋಗಬಾರದು, ಇಷ್ಟೇ ನಮ್ಮ ಅರಿಕೆ. ವ್ಯವಹಾರ ಒಮ್ಮುಖವಾಗಿಯೂ ಇರಲಿಲ್ಲ. ನಮ್ಮ ಎಂ. ಟಿ. ವಿ. ಆಚಾರ್ಯರು ಇದೇ ಮದರಾಸಿಗೆ ಬಂದು ಚಂದಮಾಮಕ್ಕೆ ಮಹಾಭಾರತದ ಪ್ರಸಂಗಗಳ ಮುಖಪುಟಗಳನ್ನು ಬರೆದರು. ಅವನ್ನು ತಮಿಳು ಮಕ್ಕಳೂ ಹಿಂದಿ ಮಕ್ಕಳೂ ತಮ್ಮವೆಂದೇ ತಿಳಿದು ನೋಡಿದರು. ಮುಂದೆ ಬೆಂಗಳೂರಿಗೆ ಮರಳಿ ಅವರು ಚಿತ್ರಕಲೆಯ ಬೋಧನೆಗೆ ತಮ್ಮನ್ನು ಕೊಟ್ಟುಕೊಂಡರು.

ಚಂದಮಾಮದ ಮೇಲೆ ಆಕ್ಷೇಪಗಳಿಲ್ಲವೆಂದಲ್ಲ. ಅಲ್ಲಿ ರಾಜರು ಹೆಚ್ಚು, ಪ್ರಜೆಗಳು ಕಡಿಮೆ. ಹೆಣ್ಣು ಬಹುಮಟ್ಟಿಗೆ ರೂಪವತಿ ಅಥವಾ ಪತಿವ್ರತೆ. ಒಳ್ಳೆಯವರು ಬೆಳ್ಳಗೆ, ರಾಕ್ಷಸರು ಕಪ್ಪಗೆ. ಜಾತಿಯ ಏಣಿ ಎಲ್ಲಿತ್ತೋ ಅಲ್ಲಿಯೇ ನಿಂತಿತ್ತು. ಚಿತ್ರದ ಶೈಲಿಯೂ ಒಂದು ಹಂತದ ಬಳಿಕ ಹೆಚ್ಚು ಬದಲಾಗಲಿಲ್ಲ. ಶಂಕರ್ ಹೊಸ ದಾರಿಗಳನ್ನು ಅರಸಿದ ಪ್ರಯೋಗಶೀಲ ಕಲಾವಿದರೆಂದು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು. ಸಂಬಳಕ್ಕೆ ದುಡಿಯುವ ಚಿತ್ರಕಾರ, ಕಥೆ ಕೇಳಿದ್ದನ್ನು ಕೊಟ್ಟರು. ಆದರೆ ಕೊಟ್ಟದ್ದರಲ್ಲಿ ಎಂದೂ ಕೈ ಬಿಗಿಹಿಡಿಯಲಿಲ್ಲ. ಕಥೆಗೆ ಬೇಡವಾದರೂ ಮೂಲೆಯಲ್ಲಿ ಒಂದು ಅಳಿಲು, ಬಾಗಿಲ ಬಳಿ ಒಂದು ಬಿಂದಿಗೆ, ಜಗಳವಾಡುತ್ತಿರುವ ಗಂಡಹೆಂಡಿರನ್ನು ಇಣುಕಿ ನೋಡುವ ನೆರೆಯಾಕೆ, ಇಂಥವನ್ನು ಮಗುವಿನ ಕಣ್ಣಿಗೆ ಉಣಿಸುವುದು ಆ ಮನೆತನದ ಚಿತ್ರಗಳ ಗುಣ. ಎರಡನೆಯ ಸಲ ನೋಡುವ ಮಗುವಿಗೂ ಏನಾದರೂ ಉಳಿದಿರಬೇಕು ಎಂಬ ಕಾಳಜಿ ಅದು. ಅರವತ್ತು ವರ್ಷ ಅಂಥ ಕಾಳಜಿಯನ್ನು ಸವೆಯಲು ಬಿಡದಿರುವುದು ಪ್ರಯೋಗಶೀಲತೆಗಿಂತ ಕಡಿಮೆಯ ಸಾಧನೆಯೇನಲ್ಲ.

ಹೀಗೆ ದುಡಿದವರಿಗೆ ಸಂದದ್ದೇನು? ಚಂದಮಾಮದ ಪ್ರಕಟಣೆ 1998ರಲ್ಲಿ ಕೆಲಕಾಲ ನಿಂತು 1999ರಲ್ಲಿ ಮರಳಿ ಆರಂಭವಾಯಿತು. 2007ರಲ್ಲಿ ಮುಂಬಯಿಯ ತಂತ್ರಾಂಶ ಸಂಸ್ಥೆಯೊಂದರ ಕೈಸೇರಿತು. ಐದಾರು ವರ್ಷಗಳಲ್ಲಿ ಓದುಗರಿಗೆ ಒಂದು ವಿದಾಯದ ಮಾತೂ ಇಲ್ಲದಂತೆ ಕಣ್ಮರೆಯಾಯಿತು. ಶಂಕರ್ ತೊಂಬತ್ತರ ಆಸುಪಾಸಿನಲ್ಲಿಯೂ ರಾಮಕೃಷ್ಣ ಮಠದ ತಮಿಳು ಮಾಸಪತ್ರಿಕೆಗೆ ಚಿತ್ರ ಬರೆದರು. 2020ರ ಸೆಪ್ಟೆಂಬರ್ 29ರಂದು ಚೆನ್ನೈಯಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತಾರು ವರ್ಷ. ಪದ್ಮಶ್ರೀ ಪ್ರಶಸ್ತಿ ಪ್ರಕಟವಾದದ್ದು ನಾಲ್ಕು ತಿಂಗಳ ಬಳಿಕ, 2021ರ ಜನವರಿಯಲ್ಲಿ. ಬೇತಾಳನ ಚಿತ್ರವನ್ನು ನಾಡಿನ ಮಕ್ಕಳು ನೋಡತೊಡಗಿ ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಸರ್ಕಾರದ ಕಡತ ನಡೆಯುವ ವೇಗ ಈ ಲೇಖಕನಿಗೆ ತಿಳಿಯದ್ದಲ್ಲ. ಆ ನಾಚಿಕೆಯಲ್ಲಿ ಅವನಿಗೂ ಒಂದು ಪಾಲಿದೆ.

ಆದರೆ ಪ್ರಶಸ್ತಿಗಿಂತ ಮೂಲಭೂತವಾದ ಪ್ರಶ್ನೆ ಹಕ್ಕಿನದು. ಪತ್ರಿಕೆಯಲ್ಲಿ ಸಂಬಳಕ್ಕಿದ್ದು ಬರೆದ ಚಿತ್ರಗಳೆಲ್ಲ ಸರ್ವಥಾ ಒಡೆಯನವು ಎಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. 1957ರ ಕೃತಿಸ್ವಾಮ್ಯ ಅಧಿನಿಯಮ ಹಾಗೆ ಹೇಳುವುದಿಲ್ಲ. ಅದರ 17ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಪತ್ರಿಕೆಯ ನೌಕರನು ಕೆಲಸದ ಅಂಗವಾಗಿ ರಚಿಸಿದ ಕೃತಿಯನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಮಾತ್ರ ಒಡೆಯನು ಮೊದಲ ಸ್ವಾಮಿ. ಉಳಿದೆಲ್ಲ ವಿಷಯಗಳಲ್ಲಿ ಸ್ವಾಮ್ಯ ರಚಿಸಿದವನದೇ. ಇನ್ನು 57ನೆಯ ಪ್ರಕರಣದಂತೆ, ಹಕ್ಕನ್ನು ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ಕಾನೂನು ಹೀಗಿದ್ದರೂ ಪ್ರಯೋಜನ ಪಡೆದ ಚಿತ್ರಕಾರರು ವಿರಳ, ಏಕೆಂದರೆ ಕೇಳಬಹುದೆಂಬುದೇ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಕವಿಯ ಒಂದು ಸಾಲನ್ನು ಹೆಸರಿಲ್ಲದೆ ಅಚ್ಚು ಹಾಕಿದರೆ ಸಂಪಾದಕರಿಗೆ ಹತ್ತು ಪತ್ರಗಳು ಬರುತ್ತವೆ. ಚಿತ್ರವೊಂದನ್ನು ಕತ್ತರಿಸಿ ಆಮಂತ್ರಣಪತ್ರಿಕೆಗೋ ಅಂಗಿಗೋ ಅಂಟಿಸಿದರೆ ಕೇಳುವವರಿಲ್ಲ.

ಬೇರೆಯವರನ್ನು ಹೇಳುವ ಮೊದಲು ನಮ್ಮ ಬೆನ್ನನ್ನು ನೋಡಿಕೊಳ್ಳೋಣ. ಈ ತ್ರೈಮಾಸಿಕದ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆವು. ಪ್ರತಿ ಸಂಚಿಕೆಯಲ್ಲಿಯೂ ಕವಿಗಳ ಹೆಸರಿದೆ, ಲೇಖಕರ ಹೆಸರಿದೆ, ಜಾಹೀರಾತು ತಂದುಕೊಟ್ಟವರಿಗೆ ಕೃತಜ್ಞತೆಯಿದೆ, ಮುದ್ರಕರ ವಿಳಾಸವಿದೆ. ಮುಖಪುಟವನ್ನೂ ಒಳಪುಟದ ರೇಖಾಚಿತ್ರಗಳನ್ನೂ ಬರೆದುಕೊಟ್ಟವರ ಹೆಸರು ಹೆಚ್ಚಿನ ಸಂಚಿಕೆಗಳಲ್ಲಿ ಇಲ್ಲವೇ ಇಲ್ಲ. ನಮ್ಮವರೇ ತಾನೆ, ಪ್ರೀತಿಯಿಂದ ಬರೆದುಕೊಟ್ಟರು ಎಂದು ಸುಮ್ಮನಾದೆವು. ಸಂಭಾವನೆಯ ಮಾತಂತೂ ಎತ್ತಲೇ ಇಲ್ಲ. ಕನ್ನಡದ ಅನೇಕ ಮಕ್ಕಳ ಪುಸ್ತಕಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಹೆಸರನ್ನು ಮೂರನೆಯ ಪುಟದ ಕೆಳಗೆ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣಕ್ಷರದಲ್ಲಿ ಹಾಕುವುದೇ ದೊಡ್ಡ ಔದಾರ್ಯವೆನಿಸಿಕೊಂಡಿದೆ. ಚಿತ್ರಕಾರನನ್ನು ಅಲಂಕಾರ ಮಾಡುವವನೆಂದು ಎಣಿಸುವ ಭಾಷೆಯಲ್ಲಿ ಒಳ್ಳೆಯ ಮಕ್ಕಳ ಪುಸ್ತಕ ಹುಟ್ಟುವುದು ಕಷ್ಟ. ಓದು ಬಾರದ ಮಗುವಿಗೆ ಪುಸ್ತಕದ ಮೊದಲ ಗ್ರಂಥಕರ್ತ ಚಿತ್ರಕಾರನೇ.

ಆದ್ದರಿಂದ ಸಮಿತಿ ಕೆಲವು ತೀರ್ಮಾನಗಳನ್ನು ಮಾಡಿದೆ. ಒಂದು, ಚಂದಮಾಮದ ಆ ಎರಡು ಕಟ್ಟುಗಳು ತೂಕಕ್ಕೆ ಹೋಗುವುದಿಲ್ಲ. ಅವನ್ನು ವರ್ಷಾನುಕ್ರಮದಲ್ಲಿ ಜೋಡಿಸಿ, ರಟ್ಟು ಕಟ್ಟಿಸಿ, ಪಟ್ಟಿ ಮಾಡಿ ಇಡಲಾಗುವುದು. ಸದಸ್ಯರ ಅಟ್ಟಗಳಲ್ಲಿ ಇರುವ ಹಳೆಯ ಸಂಚಿಕೆಗಳನ್ನೂ, ಒಂದೊಂದೇ ಆದರೂ ಸರಿ, ಹರಿದಿದ್ದರೂ ಸರಿ, ಕೊಡಬೇಕೆಂದು ಕೋರುತ್ತೇವೆ. ಇತರ ನಗರಗಳ ಕನ್ನಡ ಸಂಘಗಳೂ ತಮ್ಮ ಕಪಾಟುಗಳನ್ನು ಒಮ್ಮೆ ನೋಡಲಿ. ಎರಡು, ಸಂಘದ ಪ್ರಕಟಣೆಗಳಲ್ಲಿ ಇನ್ನು ಮುಂದೆ ಚಿತ್ರಕಾರರ ಹೆಸರು ಲೇಖಕರ ಹೆಸರಿನ ಪಕ್ಕದಲ್ಲಿಯೇ, ಅದೇ ಗಾತ್ರದ ಅಕ್ಷರದಲ್ಲಿ ಅಚ್ಚಾಗುವುದು. ಅಲ್ಪವಾದರೂ ಸಂಭಾವನೆ ಸಲ್ಲುವುದು. ಮೂಲಚಿತ್ರವನ್ನು ಬರೆದವರಿಗೆ ಹಿಂದಿರುಗಿಸಲಾಗುವುದು. ಮೂರು, ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರಮಾಲೆಗೆ ಮೊದಲು ಅರ್ಧ ಗಂಟೆ ಚಿತ್ರದ ಪುಸ್ತಕ. ತರಗತಿ ನಡೆಸುತ್ತಿರುವ ತಾಯಂದಿರು ಇದಕ್ಕೆ ಒಪ್ಪಿದ್ದಾರೆ. ಕಳೆದ ಎರಡು ಭಾನುವಾರ ಮಕ್ಕಳ ಹಾಜರಿ ಹೆಚ್ಚಿತೆಂದೂ ತಿಳಿಸಿದ್ದಾರೆ.

ಈ ತೀರ್ಮಾನಗಳಿಂದ ಶಂಕರ್ ಅವರ ಋಣ ತೀರುವುದಿಲ್ಲ. ಅದು ತೀರುವ ಬಗೆಯ ಋಣವೂ ಅಲ್ಲ. ಕನ್ನಡ ಓದಲು ಬಾರದ ನಮ್ಮ ಮಗುವೊಂದು ಒಂದು ಚಿತ್ರದ ಮೇಲೆ ಬೆರಳಿಟ್ಟು ‘ಇವನು ಏನು ಹೇಳ್ತಿದಾನೆ?’ ಎಂದು ಕೇಳುವಷ್ಟು ಕಾಲವೂ ಅದನ್ನು ಸ್ವಲ್ಪ ಸ್ವಲ್ಪವಾಗಿ ಸಲ್ಲಿಸುತ್ತ ಹೋಗಬಹುದು. ಆ ಪ್ರಶ್ನೆಯನ್ನು ಕೇಳುವ ಮಕ್ಕಳು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರ ಕೈಗೆ ಕೊಡಲು ನಮ್ಮ ಬಳಿ ಏನಿದೆ ಎಂಬುದನ್ನು ನಾವು ಯೋಚಿಸಬೇಕು.

ಈ ಸಂಚಿಕೆಯ ಮುಖಪುಟದಲ್ಲಿ ಎಡಗಡೆ ಕೆಳಮೂಲೆಯನ್ನು ಓದುಗರು ದಯವಿಟ್ಟು ಗಮನಿಸಬೇಕು. ಅಲ್ಲಿ ಒಂದು ಸಹಿ ಇದೆ. ಆ ಹೆಸರನ್ನು ಒಳಪುಟದಲ್ಲಿ ದಪ್ಪ ಅಕ್ಷರದಲ್ಲಿ ಮತ್ತೊಮ್ಮೆ ಅಚ್ಚು ಹಾಕಿದ್ದೇವೆ.

— ಸಂಪಾದಕ